ಸಾಸೇರ್ ಕಣಿವೆಯಲ್ಲಿ ಮೂರು ಸಲ ಸತ್ತ ಗೆಳೆಯನಿಗೆ

ಲಕ್ಷ್ಮೇಶ್ವರ
ಅಕ್ಟೋಬರ್ 20, 2024
ರವಿವಾರ, ಮಧ್ಯಾಹ್ನ

ಕುಂತ ಮಂದಿಯೇ, ನಿಂತ ಮಂದಿಯೇ, ಕಟ್ಟೆಯ ಮೇಲಿಂದ ಕಾಲು ಇಳಿಬಿಟ್ಟವರೇ, ಬಾಗಿಲ ಮರೆಯಿಂದ ಕಿವಿಗೊಟ್ಟ ಅವ್ವಂದಿರೇ, ಅಕ್ಕಂದಿರೇ! ಯಳವತ್ತಿಯ ಹವಾಲ್ದಾರ ಇಜಾಜನ ಅಂಗಳದಲ್ಲಿ ಕೂಡಿದ ಸಮಸ್ತರಿಗೂ ಲಕ್ಷ್ಮೇಶ್ವರದ ನಾಟಕದ ಮಾಸ್ತರ ಅಂದಪ್ಪನ ಶರಣು!

ಇಜಾಜ, ಒಬ್ಬನಿಗೆ ಬರೆಯುವ ಕಾಗದಕ್ಕೆ ಊರನ್ನೇ ಯಾಕೆ ಕರೆದೆ ಎಂದು ಸಿಟ್ಟಾಗಬೇಡ. ನಿನ್ನ ಕಣ್ಣಿಗೆ ಪೊರೆ ಬಂದಿದೆಯಂತೆ. ಬಂದ ಕಾಗದವನ್ನೆಲ್ಲ ನಿಮ್ಮ ಓಣಿಯ ಸ್ನೇಹಾ ಅಂಗಳದಲ್ಲಿ ಕುಳಿತು ಓದಿ ಹೇಳುತ್ತಾಳಂತೆ, ಕೇಳಲು ಹತ್ತು ಮಂದಿ ಕೂಡುತ್ತಾರಂತೆ. ನಮ್ಮ ನಾಟಕದ ಪರದೆ ಬರೆಯುವ ತೌಹೀದ ಹೇಳಿದ. ಹತ್ತು ಮಂದಿ ಕೂಡಿದ ಮೇಲೆ ಅದು ಸಭೆ. ಸಭೆಗೆ ಶರಣು ಹೇಳದೆ ಬಾಯಿ ತೆಗೆಯುವುದನ್ನು ನಮ್ಮಪ್ಪ ನನಗೆ ಕಲಿಸಿಲ್ಲ. ಅವನು ನಾಟಕ ಕಂಪನಿಯಲ್ಲಿ ಪೇಟಿ ಬಾರಿಸುತ್ತಿದ್ದ, ನಾನು ಆ ಪೇಟಿಯ ಪೆಟ್ಟಿಗೆಯಲ್ಲಿ ಮಲಗಿ ಬೆಳೆದವನು. ಸ್ನೇಹಾ, ಕಾಲೇಜಿನಲ್ಲಿ ಓದುವ ಹಾಗೆ ಗೊಣಗಬೇಡ ತಾಯಿ. ಎದೆಯಿಂದ ಓದು.

ಫೋನು ಮಾಡಬಹುದಿತ್ತು. ನೀನು ನನ್ನ ನಂಬರು ಕಂಡರೆ ಎತ್ತುವುದಿಲ್ಲ. ಹನ್ನೆರಡು ವರ್ಷವಾಯಿತು. ಹಾಗಾಗಿ ಈ ಕಾಗದವನ್ನು ತೌಹೀದನ ಕೈಯಲ್ಲಿ ಕಳಿಸುತ್ತಿದ್ದೇನೆ. ಸಂಜೆಯೊಳಗೆ ಮುಟ್ಟಿಸುತ್ತೇನೆ ಎಂದಿದ್ದಾನೆ.

ನಿನ್ನಿಂದ ನನಗೆ ಬೇಕಾದದ್ದು ಒಂದೇ. ಸಾಸೇರ್ ಕಣಿವೆಯಲ್ಲಿ ಪುಂಚೋಕ ಕಟ್ಟಕಡೆಗೆ ಆಡಿದ ಮಾತು ಏನು? ಅಷ್ಟು ಹೇಳಿದರೆ ಸಾಕು. ಯಾಕೆ ಬೇಕು ಎಂದರೆ, ಸಿಂಗಟಾಲೂರಿನ ಹುಡುಗರು ನನ್ನ ಆ ಹಳೆಯ ನಾಟಕವನ್ನು ಮತ್ತೆ ಆಡಬೇಕೆಂದು ಬಂದಿದ್ದಾರೆ. ಮೂರನೇ ಅಂಕವನ್ನು ಈ ಸಲ ಖರೆ ನಡೆದ ಹಾಗೆ ತಿದ್ದಿ ಬರೆಯಬೇಕು.

ಪುಂಚೋಕ ಯಾರು, ಸಾಸೇರ್ ಎಲ್ಲಿದೆ ಎಂದು ಅಂಗಳದ ಮಂದಿ ಮುಖ ಮುಖ ನೋಡುತ್ತಿರಬಹುದು. ಪರದೆ ಏಳಲಿ.

ಲಡಾಖ ಸೀಮೆಯಲ್ಲಿ ‘ಲಾ’ ಎಂದರೆ ಗುಡ್ಡ ದಾಟುವ ಬಾಗಿಲು. ನಾವು ಕಣಿವಿ ಅನ್ನುತ್ತೇವಲ್ಲ, ಅದು. ಸಾಸೇರ್ ಲಾ ಸಮುದ್ರದಿಂದ ಹದಿನೇಳು ಸಾವಿರದ ಏಳುನೂರು ಚಿಲ್ಲರೆ ಅಡಿ ಮೇಲಿದೆ. ನಮ್ಮ ಕಪ್ಪತಗುಡ್ಡವನ್ನು ಒಂದರ ಮೇಲೊಂದು ಐದು ಸಲ ಹೇರಿದರೂ ಅದರ ಹೊಸ್ತಿಲು ಸಿಗಲಿಕ್ಕಿಲ್ಲ. ಲೇಹ್ ಪಟ್ಟಣದಿಂದ ಉತ್ತರಕ್ಕೆ ಹೊರಟು, ಖರ್ದುಂಗ್ ಲಾ ಎಂಬ ಒಂದು ಬಾಗಿಲು ದಾಟಿ, ನುಬ್ರಾ ಹೊಳೆಯ ದಂಡೆಗೆ ಇಳಿದರೆ ಪನಾಮಿಕ್ ಎಂಬ ಊರು. ಅದರಾಚೆ ಸಾಸೋಮಾ. ಅಲ್ಲಿಂದ ಬಲಕ್ಕೆ ಗೋಡೆಯಂಥ ಗುಡ್ಡಕ್ಕೆ ಹಾವು ಹರಿದ ಹಾಗೆ ದಾರಿ ಏರುತ್ತದೆ. ಏರಿದ ಮೇಲೆ ಮಂಜುಗಡ್ಡೆಯ ಹೊಳೆ. ಹೊಳೆ ಎಂದರೆ ನೀರಲ್ಲ, ಹರಿಯುವುದನ್ನು ಮರೆತ ನೀರು. ಅದನ್ನು ದಾಟಿದರೆ ಸಾಸೇರ್. ಅದರಾಚೆ ಶ್ಯೋಕ್ ಹೊಳೆ, ಅದರಾಚೆ ಹುಲ್ಲುಕಡ್ಡಿ ಇಲ್ಲದ ಬಯಲು, ಅದರಾಚೆ ಕಾರಾಕೋರಂ ಕಣಿವೆ, ಅದನ್ನೂ ದಾಟಿದರೆ ಈಗ ಚೀನಾದಲ್ಲಿರುವ ಯಾರ್ಕಂದ ಪಟ್ಟಣ.

ಈ ದಾರಿಯಲ್ಲಿ ನೂರಾರು ವರ್ಷ ವ್ಯಾಪಾರಸ್ಥರು ನಡೆದರು. ಇಲ್ಲಿಂದ ಅರಿವೆ, ನೀಲಿ, ಮಸಾಲೆ, ಹವಳ ಹೋಗುತ್ತಿದ್ದವು. ಅಲ್ಲಿಂದ ರೇಷ್ಮೆ, ಜಮಖಾನೆ, ಚರಸ್ ಬರುತ್ತಿದ್ದವು. ಹಜ್ಜಿಗೆ ಹೊರಟ ಯಾರ್ಕಂದದ ಮಂದಿಯೂ ಇದೇ ಬಾಗಿಲಿನಿಂದ ಇಳಿದು, ಮುಂಬಯಿಗೆ ಬಂದು ಹಡಗು ಹತ್ತುತ್ತಿದ್ದರಂತೆ. ಪನಾಮಿಕ್‌ನಲ್ಲಿ ತಿಂಗಳುಗಟ್ಟಲೆ ಕುದುರೆಗಳಿಗೆ ಮೇವು ಹಾಕಿ ದಪ್ಪ ಮಾಡುತ್ತಿದ್ದರು. ಮೇಲೆ ಮೇವಿಲ್ಲ, ಮೈಯ ಕೊಬ್ಬೇ ಬುತ್ತಿ. ಮಂಜಿನ ಮೇಲೆ ಕುದುರೆಯ ಗೊರಸು ಒಡೆದು ರಕ್ತ ಸುರಿಯುತ್ತಿತ್ತು. ಎಷ್ಟು ಕುದುರೆ ಸತ್ತವೆಂದರೆ, ಮುಂದಿನವರಿಗೆ ದಾರಿ ಕೇಳುವ ಅಗತ್ಯವೇ ಇರಲಿಲ್ಲ. ಎಲುಬು ಬಿದ್ದ ಕಡೆಗೆ ನಡೆದರೆ ಸಾಕು. ದೇಶಗಳ ಗೆರೆ ಬಿದ್ದ ಮೇಲೆ, ಸಾವಿರದ ಒಂಬೈನೂರ ನಲವತ್ತೊಂಬತ್ತರ ಸುಮಾರಿಗೆ, ವ್ಯಾಪಾರ ನಿಂತಿತು. ಆಮೇಲೆ ಆ ಬಾಗಿಲಲ್ಲಿ ನಡೆದಾಡಿದವರು ಸಿಪಾಯಿಗಳು, ಅವರ ಹೊರೆ ಹೊರುವ ಆ ಸೀಮೆಯ ಆಳುಗಳು.

ಆ ಬಯಲಿನಾಚೆ ಒಂದು ಜಾಗದ ಹೆಸರು ದೌಲತ್ ಬೇಗ್ ಓಲ್ಡಿ. ಹಾಗೆಂದರೆ ದೊಡ್ಡ ಸಾಹುಕಾರ ಸತ್ತ ಜಾಗ. ಸಾಹುಕಾರ ಸತ್ತದ್ದಕ್ಕೆ ನಕಾಶೆಯಲ್ಲಿ ಹೆಸರಿದೆ. ಆಳು ಸತ್ತದ್ದಕ್ಕೆ ಇಲ್ಲ.

ಎರಡು ಸಾವಿರದ ಒಂದನೇ ಇಸವಿ, ಅಕ್ಟೋಬರ್ ತಿಂಗಳು. ನಮ್ಮ ಹವಾಲ್ದಾರ ಇಜಾಜ ಆ ಮಂಜಿನ ಹೊಳೆ ದಾಟುವಾಗ ನೆಲ ಬಾಯಿ ತೆರೆಯಿತು. ಮಂಜಿನ ಬಿರುಕು. ಎದೆಯತನಕ ಒಳಗೆ. ಹಿಂದೆ ಬರುತ್ತಿದ್ದ ಪುಂಚೋಕ ಎಂಬ ಆಳು ತನ್ನ ಕುದುರೆಯ ಹೊರೆ ಕೆಡವಿ, ಹೊರೆಯ ಹಗ್ಗ ಬಿಚ್ಚಿ ಎಸೆದು, ಕುದುರೆಯಿಂದ ಜಗ್ಗಿಸಿದ. ಮೇಲೆ ಬಂದವನ ಬಟ್ಟೆ ತೊಯ್ದು ಹಲಗೆಯಾಗಿತ್ತು. ಪುಂಚೋಕ ತನ್ನ ಉಣ್ಣೆಯ ನಿಲುವಂಗಿ ಬಿಚ್ಚಿ ಇವನಿಗೆ ತೊಡಿಸಿದ. ಹಿಮಗಾಳಿ ಬಿಟ್ಟಿತು. ಕಲ್ಲಿನ ಮರೆಗೆ ಇಬ್ಬರೂ ಕುಳಿತರು. ಬೆಳಕಿರುವಾಗಲೇ ಪುಂಚೋಕನ ಉಸಿರು ನಿಂತಿತು. ಇಜಾಜ ಬದುಕಿ, ಆಸ್ಪತ್ರೆಯಲ್ಲಿ ಮೂರು ತಿಂಗಳು ಮಲಗಿ, ಎರಡು ಕಾಲ್ಬೆರಳು ಅಲ್ಲೇ ಬಿಟ್ಟು ಊರಿಗೆ ಬಂದ.

ಇದು ಖರೆ ಕಥೆ. ಸ್ನೇಹಾ, ನೀರು ಕುಡಿ. ಈಗ ನನ್ನ ನಾಟಕದ ಕಥೆ ಬರುತ್ತದೆ.

ಇಜಾಜ, ನಿವೃತ್ತನಾಗಿ ಬಂದಮೇಲೆ ನೀನು ಇದನ್ನು ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನ ಎದುರಿನ ಚಾದಂಗಡಿಯಲ್ಲಿ ಕುಳಿತು ನನಗೊಬ್ಬನಿಗೇ ಹೇಳಿದೆ. “ಲೇ ಅಂದ್ಯಾ, ಅವನ ಊರು ಪನಾಮಿಕ್ ಕಡೀದು ಅನ್ನೂದಷ್ಟ ಗೊತ್ತು. ಅವರ ಮಂದೀನ ಹುಡುಕಾಕ ನನ್ನಿಂದ ಆಗಲಿಲ್ಲ. ನೀ ನಾಟಕ ಬರಿ. ಅವನ ಹೆಸರು ನಮ್ಮ ಕಡೆ ಮಂದಿ ಬಾಯಾಗರೆ ಬರ್ಲಿ” ಎಂದೆ.

ನಾನು ಬರೆದೆ. ‘ಸಾಸಿವೆ ಕಣಿವೆಯ ಸಿಂಹ’. ನೀನು ಸಾಸೇರ್ ಎಂದದ್ದು ನನ್ನ ಕಿವಿಗೆ ಸಾಸಿವಿ ಎಂದು ಬಿದ್ದಿತ್ತು. ಪರದೆ ಬರೆಯುವ ತೌಹೀದ ಬಂದು, “ಮಾಸ್ತರ್ರ, ಸಾಸಿವಿ ಕಣಿವಿ ಅಂದ್ರ ಹಳದಿ ಹೂವು ಬಿಡ್ಲೇನ್ರಿ?” ಎಂದ. “ಬಿಡೋ, ಕೈ ಬಿಚ್ಚಿ ಬಿಡು” ಎಂದೆ. ಮೇಲೆ ಮೂರು ಬಿಳಿ ಶಿಖರ, ಕೆಳಗೆ ಕಣ್ಣು ಹಾಯುವವರೆಗೆ ಸಾಸಿವೆಯ ಹೊಲ, ನಡುವೆ ಒಂದು ನವಿಲು. ನವಿಲು ತೌಹೀದನ ಸ್ವಂತದ್ದು.

ಶಿರಹಟ್ಟಿಯಲ್ಲಿ ಮೊದಲ ಪ್ರಯೋಗ. ನೀನು ಮುಂದಿನ ಸಾಲಿನಲ್ಲಿ ಇಸ್ತ್ರಿಯ ಅಂಗಿ ತೊಟ್ಟು ಕುಳಿತಿದ್ದೆ. ಮೂರನೇ ಅಂಕದಲ್ಲಿ ನಾಟಕದ ಇಜಾಜ, ಅಂದರೆ ನಿನ್ನ ಪಾತ್ರ ಹಾಕಿದ ನಟ ವೀರು, ಗೆಳೆಯನನ್ನು ಬಿರುಕಿನಿಂದ ಎತ್ತಿ, ನಿಲುವಂಗಿ ತೊಡಿಸಿ, ಹದಿನಾಲ್ಕು ಸಾಲಿನ ಮಾತು ಹೇಳಿ ಸತ್ತ. ಮಂದಿ “ಒನ್ಸ್ ಮೋರ್!” ಎಂದು ಕೂಗಿದರು. ವೀರು ಎದ್ದು, ಮೈ ಜಾಡಿಸಿ, ಹದಿನಾಲ್ಕೂ ಸಾಲು ಹೇಳಿ ಮತ್ತೆ ಸತ್ತ. ಮತ್ತೆ ಒನ್ಸ್ ಮೋರ್. ಮತ್ತೆ ಸತ್ತ. ನನ್ನ ನಾಟಕಗಳಲ್ಲಿ ಮೂರು ಸಲ ಸತ್ತವರು ಇನ್ನಾರೂ ಇಲ್ಲ. ನಾನು ಪರದೆಯ ಸಂದಿಯಿಂದ ನಿನ್ನ ಮುಖ ನೋಡಿದೆ. ನೀನು ಕೈ ಕಟ್ಟಿಕೊಂಡು ಕುಳಿತಿದ್ದೆ.

ಮರುದಿನದಿಂದ ಯಳವತ್ತಿಯಲ್ಲಿ “ಹುತಾತ್ಮ ಬಂದ್ರು, ಒಂದು ಚಾ ಹಾಕ್ರಿ” ಎಂದು ನಿನ್ನನ್ನು ಕರೆಯುವುದು ಶುರುವಾಯಿತು. ನೀನು ನನ್ನ ಜೊತೆ ಮಾತು ಬಿಟ್ಟೆ. ಬದುಕಿದ್ದವನನ್ನು ಕೊಂದದ್ದಕ್ಕೆ ಇಜಾಜ ಮುನಿದಿದ್ದಾನೆ ಎಂದು ನಾನು ಗದಗಿನಿಂದ ಮುಂಡರಗಿಯವರೆಗೆ ನಗುತ್ತ ಹೇಳಿಕೊಂಡು ಬಂದೆ. ಮಂದಿಯೂ ನಕ್ಕರು.

ಮುನಿಸು ಅದಕ್ಕಲ್ಲ. ಇದು ನನಗೂ ನಿನಗೂ ಗೊತ್ತು. ಇವತ್ತು ಅಂಗಳಕ್ಕೂ ಗೊತ್ತಾಗಲಿ. ಆಟದ ಮರುದಿನ ಮುಂಜಾನೆ ನೀನು ಅದೇ ಚಾದಂಗಡಿಗೆ ಬಂದು, ನಿಂತೇ ಹೇಳಿದೆ: “ಮೂರು ಸಲ ಕೊಂದೀ, ಅದಕ್ಕೇನೂ ಇಲ್ಲ ಬಿಡು. ಅದು ಯಾರ ಸಾವು? ನಂದಲ್ಲ. ಒಮ್ಮೆ ಅವನ ಅಂಗಿ ತೊಟಗೊಂಡು ಬದುಕೀನಿ. ಈಗ ಅವನ ಸಾವೂ ತಂದು ನನಗ ತೊಡಸೀಯಲ್ಲೋ, ನಾ ಇದನ್ನ ಹೊತಗೊಂಡು ಎಲ್ಲಿಗೆ ಹೋಗ್ಲಿ?”

ನಾನು ಯಾಕೆ ಹಾಗೆ ಮಾಡಿದೆ ಎಂದರೆ, ಹೆಸರಿಗಾಗಿ. ತಾಲೀಮಿನಲ್ಲಿ ವೀರು, “ಮಾಸ್ತರ್ರ, ಪುಂಚೋಕ ಅಂತ ಕರದ್ರ ಮಂದಿ ನಗತಾರ್ರಿ. ಸಾಯೂ ಮುಂದ ನಗಿ ಬಂದ್ರ ನಾಟಕ ಮುಗದಂಗ” ಎಂದ. ನನಗೂ ಹೌದೆನಿಸಿತು. ಪುಂಚೋಕನನ್ನು ತೆಗೆದೆ. ಅವನು ಮಾಡಿದ್ದನ್ನೆಲ್ಲ ನಿನಗೆ ಕೊಟ್ಟೆ. ಮಾಡಿದ್ದನ್ನು ಕೊಟ್ಟ ಮೇಲೆ ಸಾವನ್ನೂ ಕೊಡಬೇಕಾಯಿತು. ಯಾರ ಹೆಸರು ಕೇಳಿಸಲಿ ಎಂದು ನೀನು ನಾಟಕ ಬರೆಸಿದೆಯೋ ಆ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಆ ನಾಟಕದಲ್ಲಿತ್ತು.

ಈಗ ಪ್ರಯಾಣದ ಮಾತು. ಗದಗಿನ ಹತ್ತಿ ವ್ಯಾಪಾರಿ ಮೈಲಾರಲಿಂಗಪ್ಪ ನನ್ನ ತಂಗಿಯ ಅಳಿಯ. ಹೋದ ತಿಂಗಳು ಹನ್ನೆರಡು ಮಂದಿಯ ತಂಡ ಕಟ್ಟಿಕೊಂಡು ಲಡಾಖಿಗೆ ಹೊರಟ. ನಾನೂ ಸೇರಿದೆ. ತಿರುಗಿ ಬಂದ ಮೇಲೆ, ಸಾಸೇರ್ ಕಣಿವೆ ಏರಿದೆ, ಮಂಜಿನ ಮೇಲೆ ನಿಂತು ಎಂಟೂ ದಿಕ್ಕು ನಡುಗುವ ಹಾಗೆ ನಾಟಕದ ಆ ಹದಿನಾಲ್ಕು ಸಾಲು ಗರ್ಜಿಸಿದೆ ಎಂದು ಬೆಟಗೇರಿಯ ನೇಕಾರರ ಓಣಿಯಲ್ಲಿ, ಮುಂಡರಗಿಯ ಸಂತೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ನಿನಗೂ ಆ ಖಬರ ಮುಟ್ಟಿರಬೇಕು.

ನಾನು ಏರಿಲ್ಲ. ನಮ್ಮಂಥವರನ್ನು ಅಲ್ಲಿಗೆ ಬಿಡುವುದಿಲ್ಲ. ಬಿಟ್ಟಿದ್ದರೂ ಏರುತ್ತಿರಲಿಲ್ಲ. ಮೋಟಾರು ಹೋಗುವ ಖರ್ದುಂಗ್ ಲಾದ ತುದಿಯಲ್ಲಿ ಗಾಡಿಯಿಂದ ಇಳಿದು, ಎದೆ ಸೆಟೆಸಿ, ಕೈ ಎತ್ತಿ, “ಎಲೈ...” ಎಂದೆ. ಮುಂದಿನ ಶಬ್ದಕ್ಕೆ ಉಸಿರು ಇರಲಿಲ್ಲ. ಕಣ್ಣು ಕಪ್ಪಾಯಿತು. ಮೈಲಾರಲಿಂಗಪ್ಪ ರಟ್ಟೆ ಹಿಡಿದು ಗಾಡಿಗೆ ಹತ್ತಿಸಿ, “ಮಾವಾರ, ಉಳದ ಡೈಲಾಗ್ ಕೆಳಗ ಇಳದ ಮ್ಯಾಲ ಹೊಡೀರಂತ, ಈಗ ಬಾಯಿ ಮುಚಗೊಂಡು ಕುಂಡ್ರಿ” ಎಂದ. ಅಲ್ಲಿಯ ಹಳೆಯ ಹಲಗೆಯಲ್ಲಿ ಎತ್ತರ ಹದಿನೆಂಟು ಸಾವಿರದ ಮೇಲೆ ಎಂದು ಬರೆದಿತ್ತಂತೆ, ಅಳೆದು ನೋಡಿದರೆ ಹದಿನೇಳೂವರೆ ಸಾವಿರ ಚಿಲ್ಲರೆಯಂತೆ. ಅಷ್ಟೆತ್ತರದಲ್ಲೂ ನನ್ನ ಕುಲದವರು ಇದ್ದಾರೆ ಎಂದುಕೊಂಡೆ.

ಒಂದು ಶಬ್ದಕ್ಕೆ ಉಸಿರು ಸಾಲದ ಜಾಗದಲ್ಲಿ ನಾನು ಹದಿನಾಲ್ಕು ಸಾಲು ಹೇಳಿಸಿದ್ದೆ.

ಪನಾಮಿಕ್‌ನಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ತಂಡದವರು ಸ್ನಾನಕ್ಕೆ ಹೋದರು. ನಾನು ಒಂದು ಅಂಗಡಿಯಲ್ಲಿ, ಇಪ್ಪತ್ಮೂರು ವರ್ಷದ ಹಿಂದೆ ಸಾಸೇರ್‌ನಲ್ಲಿ ಸತ್ತ ಪುಂಚೋಕನ ಮನೆ ಎಲ್ಲಿ ಎಂದು ಕೇಳಿದೆ. ಅಂಗಡಿಯವನು ತೂಕ ಮಾಡುತ್ತಿದ್ದವನು ತಕ್ಕಡಿ ಇಳಿಸದೆಯೇ ಗದ್ದದಿಂದ ತೋರಿಸಿದ. ಮೂರನೇ ಮನೆ. ಆ ಊರಿನಲ್ಲಿ ಅವನ ಹೆಸರಿಗೆ ಯಾರೂ ನಗಲಿಲ್ಲ.

ಅವನ ಮಗಳ ಹೆಸರು ಪದ್ಮಾ. ನಮ್ಮ ಕಡೆಯ ಹೆಸರೇ. ಶಾಲೆಯಲ್ಲಿ ಕಲಿಸುತ್ತಾಳೆ. ಅಪ್ಪ ಸತ್ತಾಗ ಅವಳಿಗೆ ಒಂಬತ್ತು. ತಾಯಿ ಇನ್ನೂ ಇದ್ದಾಳೆ, ಅವಳಿಗೆ ಹಿಂದಿ ಬರುವುದಿಲ್ಲ. ನನಗೆ ಉಪ್ಪು ಬೆಣ್ಣೆ ಹಾಕಿದ ಚಹ ಕೊಟ್ಟರು. ನಾನು ಮುಖ ಕಿವಿಚಿದ್ದನ್ನು ಕಂಡು ಪದ್ಮಾ ನಕ್ಕು ಸಕ್ಕರೆ ತಂದಳು. ಸಾಸಿವೆಯ ಪರದೆಯ ಕಥೆ ಹೇಳಿದೆ. ಅವಳು ಮತ್ತೆ ನಕ್ಕು, “ನೀವು ಪೂರಾ ತಪ್ಪಿಲ್ಲ. ನಮ್ಮ ಮಾತಿನಲ್ಲಿ ಸಾ ಅಂದರೆ ಮಣ್ಣು, ಸೇರ್ ಅಂದರೆ ಹಳದಿ. ಸಾಸೇರ್ ಅಂದರೆ ಹಳದಿ ಮಣ್ಣು” ಎಂದಳು. ತೌಹೀದನಿಗೆ ಇದನ್ನು ಹೇಳಿದಾಗಿನಿಂದ ಅವನು ನೆಲದ ಮೇಲೆ ನಡೆಯುತ್ತಿಲ್ಲ. “ನೋಡ್ರಿ ಮಾಸ್ತರ್ರ, ನವಿಲಿಂದೂ ಒಂಚೂರು ಕೇಳಬೇಕಿತ್ತು” ಎನ್ನುತ್ತಾನೆ.

ಅಪ್ಪ ಒಬ್ಬ ಸಿಪಾಯಿಯನ್ನು ಉಳಿಸಿ ಸತ್ತ ಎಂಬಷ್ಟು ಅವರಿಗೆ ಗೊತ್ತಿತ್ತು. ಆ ಸಿಪಾಯಿಯ ಹೆಸರು ಗೊತ್ತಿರಲಿಲ್ಲ. ನಾನು ಹೇಳಿದೆ. ತಾಯಿ ಅದನ್ನು ಎರಡು ಸಲ ತನ್ನಷ್ಟಕ್ಕೇ ಹೇಳಿಕೊಂಡಳು, “ಏಜಾಜ್, ಏಜಾಜ್” ಎಂದು. ಬದುಕಿದ್ದಾನೆಯೇ ಎಂದು ಕೇಳಿಸಿದಳು. ಬದುಕಿದ್ದಾನೆ, ಎರಡು ಎಮ್ಮೆ ಕಟ್ಟಿದ್ದಾನೆ ಎಂದೆ. ಎಮ್ಮೆ ಎಂದರೆ ಏನೆಂದು ಪದ್ಮಾ ಅವಳಿಗೆ ಬಹಳ ಹೊತ್ತು ತಿಳಿಸಿ ಹೇಳಬೇಕಾಯಿತು.

ಆಮೇಲೆ ಪದ್ಮಾ ಕೇಳಿದಳು: “ನಮ್ಮಪ್ಪ ಕಡೆಗೆ ಏನಾದರೂ ಹೇಳಿದನೇ?”

ಇಜಾಜ, ಆ ಚಾದಂಗಡಿಯಲ್ಲಿ ನೀನು ಅದನ್ನೂ ನನಗೆ ಹೇಳಿದ್ದೆ. ನಿನ್ನ ತುಟಿ ಅಲುಗಿದ್ದು ನನಗೆ ನೆನಪಿದೆ. ಸಣ್ಣ ಮಾತು, ನಾಲ್ಕೋ ಐದೋ ಶಬ್ದ. ಹೇಳಿ ನೀನು ಕಪ್ಪು ಕೆಳಗಿಟ್ಟೆ. ನಾನು ಆಗ ಟೇಬಲ್ಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ನನ್ನ ಹದಿನಾಲ್ಕು ಸಾಲು ಕೂಡಿಸುತ್ತಿದ್ದೆ. ನೀನು ಹೇಳಿದ್ದು ಕಿವಿಗೆ ಬಂತು, ಒಳಗೆ ಹೋಗಲಿಲ್ಲ. ಪದ್ಮಾ ಕೇಳಿದಾಗ ನಾನು ಸುಮ್ಮನೆ ಕುಳಿತೆ. ತಂಡದ ಗಾಡಿ ಹಾರ್ನ್ ಹೊಡೆಯಿತು, ಎದ್ದು ಬಂದೆ.

ಆ ನಾಲ್ಕೈದು ಶಬ್ದ ಭೂಮಿಯ ಮೇಲೆ ಈಗ ನಿನ್ನೊಬ್ಬನ ಹತ್ತಿರ ಇವೆ. ಅವನ್ನು ಕೊಡು. ನನ್ನನ್ನು ಮಾತಾಡಿಸಬೇಡ, ಕ್ಷಮಿಸಲೂ ಬೇಡ, ಅದು ಬೇರೆ ಲೆಕ್ಕ. ಶಬ್ದ ಮಾತ್ರ ಕೊಡು.

ಇತಿ ನಿನ್ನ ಗೆಳೆಯ (ನೀನು ಒಪ್ಪದಿದ್ದರೂ),
ಅಂದಪ್ಪ, ನಾಟಕದ ಮಾಸ್ತರ

ತಾ.ಕ.: ಸ್ನೇಹಾ, ಕಾಗದ ಮಡಚಬೇಡ ತಾಯಿ. ಇದನ್ನೂ ಓದು, ಅಷ್ಟೇ ಗಟ್ಟಿಯಾಗಿ.

ಸಿಂಗಟಾಲೂರಿನ ಹುಡುಗರು ಯಾರೂ ಬಂದಿಲ್ಲ. ಆ ನಾಟಕವನ್ನು ಎಂಟು ವರ್ಷದಿಂದ ಯಾರೂ ಕೇಳಿಲ್ಲ.

ಪದ್ಮಾ ಕೇಳಿದಾಗ ನಾನು ಸುಮ್ಮನೆ ಕೂರಲೂ ಇಲ್ಲ. ಇಬ್ಬರು ನನ್ನ ಬಾಯಿ ನೋಡುತ್ತ ಕುಳಿತಿದ್ದರು. ಇಬ್ಬರಾದರೂ ಅದು ಸಭೆ. ಬಾಯಿ ತಾನೇ ತೆರೆಯಿತು. ವೀರು ಹೇಳುತ್ತಿದ್ದ ಹದಿನಾಲ್ಕು ಸಾಲನ್ನು ಹಿಂದಿಗೆ ತಿರುಗಿಸಿ, ಈ ಕಣಿವೆ ಇರುವತನಕ ನನ್ನ ಉಸಿರು ಇಲ್ಲಿಯ ಗಾಳಿಯಾಗಿ ಬೀಸುತ್ತದೆ ಎಂಬಲ್ಲಿಂದ ಹಿಡಿದು ಪೂರಾ ಹೇಳಿದೆ. ನಿಮ್ಮಪ್ಪ ಹೀಗೆಂದ, ಇಜಾಜ ತನ್ನ ಕಿವಿಯಾರೆ ಕೇಳಿದ ಎಂದೆ. ಪದ್ಮಾ ಇನ್ನೊಮ್ಮೆ ಹೇಳಿರಿ ಎಂದು ಫೋನಿನಲ್ಲಿ ಹಿಡಿದುಕೊಂಡಳು. ಇನ್ನೊಮ್ಮೆ ಹೇಳಿದೆ. ಅವಳು ತಾಯಿಗೆ ತಿಳಿಸಿ ಹೇಳಿದಳು. ಕೇಳಿದ ತಾಯಿ, ಅವರು ಮನೆಯಲ್ಲಿ ಇಷ್ಟು ಮಾತಾಡುತ್ತಿರಲಿಲ್ಲ ಎಂದಳಂತೆ.

ಸಾಸೋಮಾದಲ್ಲಿ ಆ ಏರುದಾರಿಯ ಬುಡಕ್ಕೆ ಅವರು ಕಲ್ಲು ನಿಲ್ಲಿಸುತ್ತಿದ್ದಾರೆ. ಮೇಲೆ ಪುಂಚೋಕನ ಹೆಸರು, ಕೆಳಗೆ ಅವನ ಕಡೆಯ ಮಾತು. ಕೆತ್ತುವವನು ಮಂಗಳವಾರ ಬರುತ್ತಾನೆ. ನಿನ್ನೆ ಪದ್ಮಾಳ ಮೆಸೇಜು ಬಂತು. ಮಾತು ಉದ್ದವಾಯಿತು, ಕಲ್ಲಿನಲ್ಲಿ ಹಿಡಿಯುತ್ತಿಲ್ಲ, ನೀವು ಬಲ್ಲವರು, ಯಾವ ಸಾಲು ಬಿಡಲಿ ಎಂದು ಕೇಳಿದ್ದಾಳೆ.

ನಾನು ಉತ್ತರ ಬರೆದಿಲ್ಲ.

ನಾಳೆ ಮುಂಜಾನೆ ಏಳರ ಬಸ್ಸಿಗೆ ಯಳವತ್ತಿಗೆ ಬರುತ್ತೇನೆ. ನಿನ್ನ ಮನೆಯೊಳಗೆ ಕಾಲಿಡುವುದಿಲ್ಲ. ನಿಮ್ಮ ಕಟ್ಟೆಯ ಮೇಲೆ ಕುಳಿತು ಪದ್ಮಾಗೆ ಫೋನು ಹಚ್ಚುತ್ತೇನೆ. ಆ ಹದಿನಾಲ್ಕೂ ಸಾಲು ನನ್ನವು, ನಿಮ್ಮಪ್ಪನವಲ್ಲ, ಎಲ್ಲವನ್ನೂ ಬಿಡು ಎಂದು ನಾನೇ ಹೇಳುತ್ತೇನೆ. ಹೇಳಿದ ಮೇಲೆ ಫೋನನ್ನು ಬಾಗಿಲ ಕಡೆ ಹಿಡಿಯುತ್ತೇನೆ. ನೀನು ಬಂದು ತೆಗೆದುಕೊಂಡರೆ ಎದ್ದು ಓಣಿಯ ತುದಿಗೆ ಹೋಗಿ ನಿಲ್ಲುತ್ತೇನೆ. ನೀನು ಆಕೆಗೆ ಏನು ಹೇಳಿದೆ ಎಂದು ಕೇಳುವುದಿಲ್ಲ.